ಹನ್ನೊಂದನೇ ಬಟ್ಟಲು

ನೀರಕ್ಕ ಕಳೆದ ತಿಂಗಳು ನಿವೃತ್ತಳಾದಳು. ಇನ್ನು ಯಾವ ಮ್ಯಾನೇಜರೂ ಅವಳ ಕೂದಲು ಕೊಂಕಿಸುವಂತಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಇದರಿಂದ ನನ್ನ ಮಾನ ಹೋಗುವುದಿದ್ದರೆ ಹೋಗಲಿ. ಆರು ವರ್ಷ ಅದನ್ನು ಸುಳ್ಳಿನ ಮೇಲೆ ಕೂರಿಸಿಕೊಂಡು ಮೆರೆಸಿದ್ದು ಸಾಕು.

ನಾನು ಚಹಾದ ರುಚಿ ನೋಡುವವನು. ಕಾರ್ಖಾನೆಗಳಿಂದ ಬರುವ ಮಾದರಿಗಳನ್ನು ಹಾಲು, ಸಕ್ಕರೆ ಇಲ್ಲದೆ ಬಾಯಿಗೆ ಹಾಕಿ, ಹೊರಳಿಸಿ, ಉಗಿದು, ಒಂದೆರಡು ಮಾತು ಹೇಳುವುದು ನನ್ನ ಕೆಲಸ. ಆ ಒಂದೆರಡು ಮಾತಿನ ಮೇಲೆ ನಮ್ಮ ಕಂಪನಿ ಕೊಳ್ಳುತ್ತದೆ ಅಥವಾ ಬಿಡುತ್ತದೆ. ಈ ನಾಲಿಗೆಗಾಗಿ ನಾನು ಈರುಳ್ಳಿ ಬಿಟ್ಟೆ, ಬೆಳ್ಳುಳ್ಳಿ ಬಿಟ್ಟೆ, ಖಾರ ಬಿಟ್ಟೆ. ಬಚ್ಚಲಲ್ಲಿ ವಾಸನೆಯ ಸೋಪು ಇಡಲು ಬಿಡಲಿಲ್ಲ. "ನಾನು ಮದುವೆ ಆಗಿದ್ದು ನಿಮ್ಮನ್ನಲ್ಲ, ನಿಮ್ಮ ನಾಲಿಗೆನ. ನೀವು ಅದರ ಜೊತೆ ಬಂದ ಸಾಮಾನು" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಒಳಗೊಳಗೆ ಹೆಮ್ಮೆಯೇ ಆಗುತ್ತಿತ್ತು.

ನಮ್ಮ ಕೋಣೆ ಗೋದಾಮಿನ ಮೇಲೆ, ಮೂರನೇ ಮಹಡಿಯಲ್ಲಿ. ಒಂದೇ ಕಡೆಯಿಂದ ಬೆಳಕು ಬರುವ ಉದ್ದನೆಯ ಕಿಟಕಿ, ಅದರ ಕೆಳಗೆ ಬಿಳಿ ಹಂಚು ಹಾಸಿದ ಉದ್ದನೆಯ ಕಟ್ಟೆ. ಕಟ್ಟೆಯ ಮೇಲೆ ಇಪ್ಪತ್ನಾಲ್ಕು ಬಿಳಿ ಬಟ್ಟಲು, ಪ್ರತಿ ಬಟ್ಟಲಿನ ಹಿಂದೆ ಒಂದು ಮುಚ್ಚಳದ ಕುಡಿಕೆ, ಅದರ ಹಿಂದೆ ಒಂದು ತಗಡಿನ ಡಬ್ಬಿ. ಡಬ್ಬಿಯ ಮೇಲೆ ನಂಬರು ಮಾತ್ರ. ಯಾವ ನಂಬರು ಯಾವ ಕಾರ್ಖಾನೆಯದು ಎಂಬ ಚೀಟಿ ನಮ್ಮ ಗುಮಾಸ್ತನ ಬಳಿ ಮುಚ್ಚಿದ ಲಕೋಟೆಯಲ್ಲಿರುತ್ತಿತ್ತು. ಅವನನ್ನು ಎಲ್ಲರೂ ಕನ್ನಡಕ ಎನ್ನುತ್ತಿದ್ದರು. ಆ ದಪ್ಪ ಗಾಜಿಲ್ಲದೆ ಅವನಿಗೆ ತನ್ನ ಕೈಯೇ ಕಾಣುತ್ತಿರಲಿಲ್ಲ. ನಾನು ಕೂಗಿದ ಮಾತನ್ನು ಅವನು ಬರೆದುಕೊಳ್ಳುತ್ತಿದ್ದ. ರುಚಿ ಮುಗಿದ ಮೇಲೇ ಲಕೋಟೆ ಒಡೆಯಬೇಕು. ಸರಿಯಾಗಿ ಹನ್ನೆರಡಕ್ಕೆ ಫೋನಿನಲ್ಲಿ ಪಟ್ಟಿಯನ್ನು ಮ್ಯಾನೇಜರಿಗೆ ಓದಿ ಹೇಳಬೇಕು.

ಮತ್ತೆ ನೀರಕ್ಕ. ನೀರು ಕಾಯಿಸುವವಳು, ಎಲೆ ತೂಗುವವಳು, ಬಟ್ಟಲು ತೊಳೆಯುವವಳು. ಮೂವತ್ನಾಲ್ಕನೇ ವಯಸ್ಸಿನಲ್ಲಿ ನಮ್ಮಲ್ಲಿಗೆ ಬಂದಳು. ಗಂಡ ಲಾರಿ ಓಡಿಸುತ್ತಿದ್ದ. "ಸತ್ತಿಲ್ಲ ಸರ್, ಬರಲಿಲ್ಲ ಅಷ್ಟೇ" ಎಂದು ಮೊದಲ ದಿನವೇ ಹೇಳಿ ಆ ವಿಷಯ ಮುಗಿಸಿಬಿಟ್ಟಳು. ನೀರಿನ ವಿಷಯಕ್ಕೆ ಬಂದರೆ ಅವಳು ನನಗಿಂತ ಕಟ್ಟುನಿಟ್ಟು. ಒಮ್ಮೆ ಕುದಿದು ತಣ್ಣಗಾದ ನೀರನ್ನು ಮತ್ತೆ ಒಲೆಗೇರಿಸಿದವಳಲ್ಲ. ಅದನ್ನು "ಸತ್ತ ನೀರು" ಎಂದು ಕರೆದು ನೆಲ ಒರೆಸಲು ಬಳಸುತ್ತಿದ್ದಳು. ಕೆಟಲಿನ ಜೊತೆ ಮಾತಾಡುತ್ತಿದ್ದಳು. "ಏನಪ್ಪಾ, ಇವತ್ತು ಎದ್ದೇಳೋಕೆ ಮನಸ್ಸಿಲ್ವಾ?" ಎಂದು ಗದರುತ್ತಿದ್ದಳು. ತೂಕ ಹಾಕಲು ಅವಳಿಗೆ ತಕ್ಕಡಿ ಬೇಕಾಗಿಯೇ ಇರಲಿಲ್ಲ. ಮೂರು ಬೆರಳಲ್ಲಿ ಎತ್ತಿ ಹಾಕಿದರೆ ಮುಳ್ಳು ಎರಡೂವರೆ ಗ್ರಾಂ ಮೇಲೆ ಬಂದು ನಿಲ್ಲುತ್ತಿತ್ತು. ಆದರೂ ಪ್ರತಿಯೊಂದನ್ನೂ ತೂಗುತ್ತಿದ್ದಳು. ತೂಕದಲ್ಲಿ ಕೈಚಳಕ ತೋರಿಸಿದವರು ಕೆಲಸ ಬಿಟ್ಟು ಮನೆಗೆ, ಅದು ಆ ಕೋಣೆಯ ಒಂದೇ ಒಂದು ಕಾನೂನು.

ಮೊದಲ ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಕಟ್ಟೆಯ ಮೇಲಿನ ಒಂದು ಬಟ್ಟಲನ್ನೂ ಬಾಯಿಗೆ ತಂದದ್ದನ್ನು ನಾನು ನೋಡಿರಲಿಲ್ಲ. ಕುಡಿಯಬೇಕು ಎನಿಸುತ್ತದೆಯೇ ಎಂದು ಕೇಳಿರಲೂ ಇಲ್ಲ. ಮೂಗಿನ ನೇರಕ್ಕೆ ಬದುಕಿದವನು ನಾನು.

ಆರು ವರ್ಷದ ಹಿಂದೆ ಒಂದು ದಿನ ಬೆಳಿಗ್ಗೆ ಅವಳು ಬಂದಾಗ ಕಣ್ಣು ಊದಿಕೊಂಡಿತ್ತು. ಕೆಟಲಿನ ಜೊತೆ ಮಾತಾಡಲಿಲ್ಲ. ನೋಡಿದೆ. ರುಚಿಗೆ ಮೊದಲು ಆ ಕೋಣೆಯಲ್ಲಿ ಸುಮ್ಮನೆ ಹರಟುವ ಪದ್ಧತಿ ಇರಲಿಲ್ಲ, ಕೇಳಲಿಲ್ಲ.

ಹತ್ತು ಗಂಟೆಗೆ ಶುರು ಮಾಡಿದೆ. ಚಮಚ ಅದ್ದು, ಸುರ್ರೆಂದು ಎಳೆದುಕೋ, ಉಗಿ, ಮುಂದಕ್ಕೆ ನಡೆ. "ಒಂದು, ತೆಳು. ಎರಡು, ಪರವಾಗಿಲ್ಲ. ಮೂರು, ಚುರುಕಾಗಿದೆ, ಇರಲಿ." ಕನ್ನಡಕ ಬರೆಯುತ್ತಾ ಹಿಂದೆಯೇ ಬರುತ್ತಿದ್ದ. ಹನ್ನೊಂದನೇ ಬಟ್ಟಲಿನ ಮುಂದೆ ಬಂದಾಗ ಬಣ್ಣ ಅಕ್ಕಪಕ್ಕದ್ದಕ್ಕಿಂತ ಒಂದು ಕೈ ಗಾಢವಾಗಿದ್ದದ್ದು ಕಣ್ಣಿಗೆ ಬಿತ್ತು. ಬಿತ್ತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬಾಯಿಗೆ ಹಾಕಿದೆ. ಒರಟು, ಕಹಿ, ಅದರ ಹಿಂದೆಯೇ ಹೊಗೆ. ಉಗಿದೆ.

"ಹನ್ನೊಂದು, ಒರಟು. ಹೊಗೆ, ವಿಪರೀತ. ಬೇಡ."

ಹೇಳಿ ಹನ್ನೆರಡಕ್ಕೆ ಹೋದೆ. ಇಷ್ಟು ಬಣ್ಣ ಯಾಕೆ ಬಂತು ಎಂದು ಒಂದು ಕ್ಷಣ ನಿಂತಿದ್ದರೆ ಮುಂದಿನದ್ದೇ ಬೇರೆಯಾಗುತ್ತಿತ್ತು. ಆದರೆ ಹೊಗೆ ಎಂದರೆ ನನಗೆ ಕೋಪ. ಒಣಗಿಸುವವರು ಮೈಮರೆತು ಎಲೆ ಸುಡುತ್ತಾರೆ, ನಾನಿಲ್ಲಿ ಬಾಯಿ ಕೆಡಿಸಿಕೊಳ್ಳಬೇಕು ಎನ್ನುವ ಕೋಪ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಇಪ್ಪತ್ನಾಲ್ಕೂ ಮುಗಿದವು. ಕನ್ನಡಕ ಲಕೋಟೆ ಒಡೆದ. ಬೆರಳಿಟ್ಟುಕೊಂಡು ಓದುತ್ತಾ ಬಂದವನು ಒಂದು ಕಡೆ ನಿಂತ.

"ಸರ್, ಹನ್ನೊಂದು ಬೆಟ್ಟದ ಮೇಲಿನ ಕಾರ್ಖಾನೆದು. ಹೋದ ತಿಂಗಳು ಹೊಗೆ, ಅದರ ಹಿಂದಿನ ತಿಂಗಳೂ ಹೊಗೆ. ಇದು ಮೂರನೇ ಸಲ."

"ಅಂದ್ರೆ ಅಲ್ಲಿ ಯಾರೋ ನಿದ್ದೆ ಹೊಡೀತಿದ್ದಾರೆ" ಎಂದೆ.

ಸಾಮಾನ್ಯವಾಗಿ ನಾನು ಚಮಚ ಕೆಳಗಿಡುವ ಮೊದಲೇ ನೀರಕ್ಕ ಒಂದನೇ ಬಟ್ಟಲನ್ನು ತೊಟ್ಟಿಗೆ ಹಾಕಿಯಾಗಿರುತ್ತಿತ್ತು. "ಸ್ವಲ್ಪ ತಾಳು" ಎಂದರೂ ತಾಳುತ್ತಿರಲಿಲ್ಲ. ಆ ದಿನ ನಲ್ಲಿಯ ಸದ್ದೇ ಬರಲಿಲ್ಲ. ತಿರುಗಿ ನೋಡಿದರೆ ಹನ್ನೊಂದನೇ ಬಟ್ಟಲಿನ ಮುಂದೆ ಕೈಕಟ್ಟಿಕೊಂಡು ನಿಂತಿದ್ದಾಳೆ.

"ಸರ್, ಇದನ್ನ ಇನ್ನೊಂದ್ ಸಲ ನೋಡ್ತೀರಾ?"

ನನ್ನ ಕೋಪ ನೆತ್ತಿಗೇರಿತು. ಆ ಕೋಣೆಯಲ್ಲಿ ನನ್ನ ಮಾತಿನ ಮೇಲೆ ಮಾತು ಬಂದದ್ದು ಅದೇ ಮೊದಲು.

"ಯಾಕೆ? ನನ್ನ ನಾಲಿಗೆ ಮೇಲೆ ಅನುಮಾನನಾ ನಿನಗೆ?"

"ನಾಲಿಗೆ ಮೇಲಲ್ಲ ಸರ್. ತೂಕ ಸರಿ ಇಲ್ಲ. ನಾನೇ ಹಾಕಿದ್ದು. ಒಂದು ಚಿಟಿಕೆ ಜಾಸ್ತಿ ಹಾಕಿದೆ. ಬೇಕು ಅಂತಲೇ ಹಾಕಿದೆ."

ಕನ್ನಡಕನ ಪೆನ್ನು ನಿಂತಿತು. ಹನ್ನೊಂದನೇ ಕುಡಿಕೆಯ ಮುಚ್ಚಳದ ಮೇಲೆ ಬೋರಲು ಹಾಕಿದ್ದ ಒದ್ದೆ ಎಲೆಯ ಗುಡ್ಡೆ ನೋಡಿದೆ. ಪಕ್ಕದ್ದಕ್ಕಿಂತ ದೊಡ್ಡದು. ಕಣ್ಣಿದ್ದ ಯಾರಿಗಾದರೂ ಕಾಣುವಷ್ಟು ದೊಡ್ಡದು.

"ಇದು ಮೇಲಿನ ಕಾರ್ಖಾನೆದು ಅಂತ ನಿನಗೆ ಹೇಗೆ ಗೊತ್ತಾಯ್ತು? ಲಕೋಟೆ ಯಾರು ತೆಗೆದ್ರು?" ಕನ್ನಡಕನ ಕಡೆ ತಿರುಗಿದೆ. ಅವನ ಮುಖ ಬಿಳಿಚಿಕೊಂಡಿತ್ತು.

"ಅವರನ್ನ ಯಾಕೆ ಬೈತೀರಿ ಸರ್? ತೂಗುವಾಗ ಬೆರಳಲ್ಲಿ ಉಜ್ಜಿದ್ರೆ ವಾಸನೆ ಬರುತ್ತಲ್ಲ, ಅದರಲ್ಲೇ ಗೊತ್ತಾಗುತ್ತೆ. ನಾನು ಹುಟ್ಟಿದ್ದು ಆ ಕಾರ್ಖಾನೆ ಹಿಂದಿನ ಸಾಲುಮನೇಲಿ. ಯಾವತ್ತೂ ಗೊತ್ತಾಗುತ್ತೆ. ಇವತ್ತೊಂದೇ ದಿನ ಕೈ ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

"ಅಲ್ಲಿ ಒಣಗಿಸೋ ಯಂತ್ರದ ಹತ್ರ ನಿಲ್ಲೋದು ನನ್ನ ತಂಗಿ. ಈ ಸಲವೂ ಹೊಗೆ ಅಂತ ಬಂದ್ರೆ ಮಧ್ಯಾಹ್ನ ಎರಡು ಗಂಟೆಗೆ, ಪಾಳಿ ಬದಲಾಗೋ ಹೊತ್ತಿಗೆ, ಅವಳ ಕೈಗೆ ಚೀಟಿ ಕೊಟ್ಟು ಮನೆಗೆ ಕಳಿಸ್ತಾರಂತೆ. ಬೆಳಿಗ್ಗೆ ಫೋನ್ ಮಾಡಿ ಅತ್ತಳು. ಅವಳಿಗೆ ಇನ್ನೇನೂ ಇಲ್ಲ ಸರ್, ಆ ಮನೆ ಕೂಡ ಕಾರ್ಖಾನೇದೇ. ಸ್ವಲ್ಪ ಎಲೆ ಜಾಸ್ತಿ ಬಿದ್ರೆ ಚಹಾ ಗಟ್ಟಿಯಾಗಿ ಹೊಗೆ ಮುಚ್ಚಿಹೋಗುತ್ತೆ ಅಂದ್ಕೊಂಡೆ. ಮನೇಲಿ ಯಾರಾದ್ರೂ ಬಂದಾಗ ಹಾಕಲ್ವಾ ಒಂದು ಚಿಟಿಕೆ, ಹಾಗೆ."

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇರಲಿಲ್ಲ. ಎಲೆ ಜಾಸ್ತಿಯಾದರೆ ಒಳ್ಳೆಯದು ಎಷ್ಟು ಹೆಚ್ಚುತ್ತದೋ ಕೆಟ್ಟದ್ದೂ ಅಷ್ಟೇ ಹೆಚ್ಚುತ್ತದೆ. ತಂಗಿಯನ್ನು ಉಳಿಸಲು ಹೋಗಿ ಅವಳ ಕುತ್ತಿಗೆಗೆ ತಾನೇ ಕೈ ಹಾಕಿದ್ದಳು. ಅದು ಅವಳಿಗೂ ಗೊತ್ತಾಗಿತ್ತು. ನಾನು "ವಿಪರೀತ" ಎಂದು ಕೂಗಿದಾಗಲೇ ಗೊತ್ತಾಗಿತ್ತು.

ಗಡಿಯಾರ ಹನ್ನೊಂದೂ ಕಾಲು ತೋರಿಸುತ್ತಿತ್ತು.

"ನಿಯಮದ ಪ್ರಕಾರ..." ಎಂದ ಕನ್ನಡಕ.

"ನಿಯಮ ನನಗೆ ಗೊತ್ತಿಲ್ವೇನಯ್ಯಾ!" ಎಂದು ಅವನ ಮೇಲೆ ಹರಿಹಾಯ್ದೆ. ನಿಯಮದ ಪ್ರಕಾರ ಅವಳನ್ನು ಆ ಕ್ಷಣವೇ ಹೊರಗೆ ಕಳಿಸಿ ಮ್ಯಾನೇಜರಿಗೆ ತಿಳಿಸಬೇಕಿತ್ತು. ನನಗೆ ಸಿಟ್ಟಿದ್ದದ್ದು ಅವಳ ಮೇಲೆ ಮಾತ್ರ ಎಂದರೆ ಸುಳ್ಳಾಗುತ್ತದೆ. ಇಬ್ಬರ ಮುಂದೆ ನನ್ನ ಹೆಸರಾಂತ ನಾಲಿಗೆ ಬರಿದೇ ತೂಕಕ್ಕೆ ಮೋಸ ಹೋಗಿತ್ತು. ಬಣ್ಣ ಕಂಡೂ ಕೇಳಿರಲಿಲ್ಲ. ಆ ಅವಮಾನ ಮೈಯೆಲ್ಲ ಉರಿಯುತ್ತಿತ್ತು.

"ನೀನು ಕಟ್ಟೆ ಮುಟ್ಟಬೇಡ. ಆ ಮೂಲೇಲಿ ಕೂತ್ಕೋ" ಎಂದು ತಕ್ಕಡಿಯನ್ನು ನನ್ನ ಕಡೆ ಎಳೆದುಕೊಂಡೆ.

ಇಪ್ಪತ್ತು ವರ್ಷದಿಂದ ನಾನು ಎಲೆ ತೂಗಿರಲಿಲ್ಲ. ಚಿಟಿಕೆ ಹಾಕಿದರೆ ಮುಳ್ಳು ದಾಟಿ ಹೋಗುತ್ತಿತ್ತು, ತೆಗೆದರೆ ಇಳಿದೇ ಹೋಗುತ್ತಿತ್ತು. ಅರ್ಧ ಎಲೆ ಕಟ್ಟೆಯ ಮೇಲೆ ಚೆಲ್ಲಿತು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ನೀರಕ್ಕನ ಮೂರು ಬೆರಳು ತಾವಾಗಿಯೇ ಮಡಿಲಲ್ಲಿ ಆಡುತ್ತಿದ್ದವು. ಕೊನೆಗೆ ಹೇಗೋ ಎರಡೂವರೆ ಆಯಿತು. ಕನ್ನಡಕನಿಗೂ ತೋರಿಸಿದೆ. ಅವನು ಮೂಗು ತಾಗುವಷ್ಟು ಬಗ್ಗಿ ನೋಡಿ ತಲೆಯಾಡಿಸಿದ. ಹೊಸ ನೀರು ಹಿಡಿದು ಕೆಟಲ್ ಇಟ್ಟೆ. ಯಾವಾಗ ತೆಗೆಯಬೇಕು ಎಂದು ಬಗ್ಗಿ ನೋಡುತ್ತಾ ನಿಂತೆ.

"ಈಗ ಸರ್" ಎಂದಳು ಮೂಲೆಯಿಂದ. "ಇನ್ನೂ ನಿಂತ್ರೆ ನೀರು ಸಾಯುತ್ತೆ."

ಸುರಿದೆ. ಮುಚ್ಚಿದೆ. ಆರು ನಿಮಿಷದ ಗಂಟೆ ತಿರುಗಿಸಿಟ್ಟೆ. ಆಗ ಹನ್ನೊಂದೂವರೆ.

ಆ ಆರು ನಿಮಿಷ ಮೂವರೂ ಆ ಕುಡಿಕೆಯನ್ನೇ ನೋಡುತ್ತಾ ಕೂತೆವು. ಗಂಟೆ ಟಿಕ್ ಟಿಕ್ ಎನ್ನುತ್ತಿತ್ತು. ತಡೆಯಲಾರದೆ ನಾನೇ ಕೇಳಿದೆ, "ಒಣಗಿಸೋ ಕೆಲಸ ನಿನ್ನ ತಂಗಿಗೆ ಯಾರು ಕಲಿಸಿದ್ರು?"

"ನಮ್ಮಮ್ಮ. ಅಮ್ಮನೂ ಅದೇ ಯಂತ್ರದ ಮುಂದೆ ನಿಂತಿದ್ದವಳು." ಅವಳು ಕುಡಿಕೆಯಿಂದ ಕಣ್ಣು ಕೀಳಲಿಲ್ಲ. "ಸಂಜೆ ಬಂದ್ರೆ ಅವಳ ತಲೆಗೂದಲಲ್ಲೆಲ್ಲ ಬಿಸಿ ಎಲೆ ವಾಸನೆ. ಕಾರ್ಖಾನೆಯವರು ಗುಡಿಸಿ ಬಿಟ್ಟಿದ್ದ ಪುಡಿ ಒಂದು ಮುಷ್ಟಿ ತರೋಳು. ಅದನ್ನ ಕುದಿಸಿ ಒಂದೇ ಲೋಟಕ್ಕೆ ಹಾಕಿ ನಮ್ಮಿಬ್ಬರ ಮಧ್ಯೆ ಇಡೋಳು. ಹಾಲು ಇದ್ದ ದಿನವೂ ಹಾಕ್ತಿರಲಿಲ್ಲ. ಹಾಲು ಹಾಕಿದ್ರೆ ಎಲೆ ಮಾಡಿದ ತಪ್ಪು ಗೊತ್ತಾಗಲ್ಲ ಅನ್ನೋಳು. ಒಂದೊಂದು ಗುಟುಕು ಕುಡಿದು ಏನಿದೆ ಹೇಳಬೇಕು. ಸರಿಯಾಗಿ ಹೇಳಿದೋರಿಗೆ ಇನ್ನೊಂದು ಗುಟುಕು. ತಂಗಿ ಸಣ್ಣವಳು, ಹೇಳೋಕೆ ಬರ್ತಿರಲಿಲ್ಲ. ನಾನು ಅವಳ ಕಿವೀಲಿ ಹೇಳಿಕೊಡ್ತಿದ್ದೆ. ಅಮ್ಮನಿಗೆ ಗೊತ್ತಾದ್ರೂ ಗೊತ್ತಿಲ್ಲದ ಹಾಗೆ ಇರೋಳು."

ಮೂರು ನಿಮಿಷ ಕಳೆದಿತ್ತು.

"ನನಗೆ ಒಂಬತ್ತು ವರ್ಷ ಆದಾಗ ಹೀಗೇ ಆಯ್ತು ಸರ್. ಹೊಗೆ, ಹೊಗೆ ಅಂತ ಎಲ್ಲಾ ಕಡೆಯಿಂದ ಮಾತು. ಮೇಸ್ತ್ರಿ ಬಂದು ಅಮ್ಮನ್ನೇ ಹಿಡ್ಕೊಂಡ. ನೀನು ಉರಿ ಜಾಸ್ತಿ ಮಾಡಿ ಎಲೆ ಸುಡ್ತಿದ್ದೀಯ ಅಂತ. ಎಲ್ಲರ ಎದುರು ಯಂತ್ರದಿಂದ ಇಳಿಸಿ ಕಸ ಗುಡಿಸೋಕೆ ಹಾಕಿದ. ಆಮೇಲೆ ಎರಡು ತಿಂಗಳಿಗೆ ಒಲೆ ಬಿಚ್ಚಿದಾಗ..."

ಗಂಟೆ ಹೊಡೆಯಿತು. ಅವಳು ಮಾತು ಅಲ್ಲಿಗೇ ನುಂಗಿದಳು.

ಬಟ್ಟಲಿಗೆ ಬಸಿದೆ. ಈ ಸಲ ಬಣ್ಣ ಸರಿಯಾಗಿತ್ತು, ಹೊಳಪಿನ ಕೆಂಪು. ಚಮಚ ಅದ್ದುವಾಗ, ನಿಜ ಹೇಳುತ್ತೇನೆ, ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ಚಹಾ ಚೆನ್ನಾಗಿರಲಿ ಎಂದು ಹಾರೈಸಿದೆ. ಎಳೆದುಕೊಂಡೆ. ಒರಟುತನ ಹೋಗಿತ್ತು, ಕಹಿ ಹೋಗಿತ್ತು, ಒಳ್ಳೆಯ ಎಲೆ. ಆಮೇಲೆ ಬಂತು. ಮೊದಲಿನಷ್ಟಿಲ್ಲ, ಆದರೆ ಇತ್ತು. ಮತ್ತೊಂದು ಚಮಚ ತೆಗೆದುಕೊಂಡೆ. ಇತ್ತು.

"ಹೊಗೆ ಇದೆ, ನೀರಕ್ಕ."

ಅವಳು ಏನೂ ಕೇಳಲಿಲ್ಲ. ಅತ್ತಿದ್ದರೆ ಗದರಬಹುದಿತ್ತು, ಕಾಡಿದ್ದರೆ ಬೈಯಬಹುದಿತ್ತು. ಸುಮ್ಮನೆ ಕೂತವಳನ್ನು ಏನು ಮಾಡಲಿ? ಗಡಿಯಾರ ಹನ್ನೊಂದೂ ಮುಕ್ಕಾಲಿನ ಹತ್ತಿರ ಬಂದಿತ್ತು. ಆ ಹೊತ್ತಿಗೆ ನನಗೆ ಏನು ಹೊಳೆಯಿತೋ, ಬಟ್ಟಲನ್ನೇ ಎತ್ತಿ ಅವಳ ಮುಂದೆ ಹಿಡಿದೆ.

"ನೀನೇ ನೋಡು."

"ನಾನಾ?"

"ನಿಮ್ಮಮ್ಮ ಹೇಳಿಕೊಟ್ಟಿದ್ದು ಇದೆಯಲ್ಲ. ನೋಡು."

ಅವಳು ಚಮಚ ಕೇಳಲಿಲ್ಲ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಮನೆಯಲ್ಲಿ ಕುಡಿಯುವಂತೆ ಒಂದು ಗುಟುಕು ಕುಡಿದಳು. ಉಗಿಯಲಿಲ್ಲ, ನುಂಗಿದಳು. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಹೊಗೆ ಇಲ್ಲ ಸರ್, ಚೆನ್ನಾಗಿದೆ ಸರ್ ಎನ್ನುತ್ತಾಳೆ. ಒಡಹುಟ್ಟಿದವಳ ಅನ್ನದ ಪ್ರಶ್ನೆ. ಯಾರಾದರೂ ಅದನ್ನೇ ಹೇಳುತ್ತಾರೆ.

"ಇದೆ ಸರ್" ಎಂದಳು. "ಹೊಗೆ ಇದೆ. ನೀವು ಹೇಳಿದ್ದು ಸರಿ."

ಕನ್ನಡಕ ನಿಟ್ಟುಸಿರು ಬಿಟ್ಟು ಪೆನ್ನು ಕೈಗೆತ್ತಿಕೊಂಡ. ಅವಳು ಎರಡನೇ ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಕೆನ್ನೆ ಒಳಕ್ಕೆ ಹೋಯಿತು. ಆ ಕ್ಷಣಕ್ಕೆ ಅವಳ ಮುಖ ಲೋಟದ ಮುಂದೆ ಕೂತ ಒಂಬತ್ತು ವರ್ಷದವಳ ಮುಖದಂತೆ ಕಂಡಿತು.

"ಆದ್ರೆ ಇದು ಎಲೆ ಸುಟ್ಟ ಹೊಗೆ ಅಲ್ಲ ಸರ್. ಎಲೆ ಸುಟ್ಟಿದ್ರೆ ಗಂಟಲಲ್ಲಿ ಕೂರುತ್ತೆ, ಕೆರೆಯುತ್ತೆ. ಇದು ಗಂಟಲಲ್ಲಿ ಇಲ್ಲವೇ ಇಲ್ಲ. ಮೂಗಿನ ಹಿಂದೆ ಇದೆ. ಇದು ಸೌದೆ ಹೊಗೆ. ಅವತ್ತೂ ಇದೇ ಇತ್ತು, ಅಮ್ಮನ್ನ ಇಳಿಸಿದ ವರ್ಷ. ಒಲೆಗೂ ಎಲೆಗೂ ಮಧ್ಯೆ ಒಂದು ಕಬ್ಬಿಣದ ತಗಡಿರುತ್ತೆ, ಬಿಸಿ ಈಚೆ ಬರಬೇಕು, ಹೊಗೆ ಆಚೆ ಹೋಗಬೇಕು. ಆ ತಗಡು ಬಿರುಕು ಬಿಟ್ಟಿತ್ತು. ಈಗಲೂ ಬಿಟ್ಟಿದೆ. ಉರಿ ಹಾಕೋರ ತಪ್ಪಲ್ಲ ಇದು."

ಅವಳ ಕೈಯಿಂದ ಬಟ್ಟಲು ಕಿತ್ತುಕೊಂಡೆ. ಚಮಚ ಬಿಟ್ಟು ಅವಳಂತೆಯೇ ಕುಡಿದೆ, ನುಂಗಿದೆ. ಗಂಟಲು ಶುಭ್ರವಾಗಿತ್ತು. ಹೊಗೆ ಮೂಗಿನ ಹಿಂದೆಯೇ ನಿಂತಿತ್ತು, ಅವಳು ಬೆರಳಿಟ್ಟು ತೋರಿಸಿದ ಕಡೆ. ಉಗಿಯುವವನಿಗೆ ಗಂಟಲಿನ ಸುದ್ದಿ ಎಲ್ಲಿಂದ ತಿಳಿಯಬೇಕು? ಮೂರು ತಿಂಗಳು ಹೊಗೆ, ಹೊಗೆ ಎಂದು ಕೂಗಿದ್ದೆ. ಯಾವ ಹೊಗೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಒಂದು ಪದಕ್ಕೆ ಅಲ್ಲಿ ಒಬ್ಬ ಹೆಂಗಸು ಮನೆ ಖಾಲಿ ಮಾಡಲು ತಯಾರಾಗುತ್ತಿದ್ದಳು.

ಹನ್ನೆರಡಕ್ಕೆ ಫೋನ್ ಎತ್ತಿಕೊಂಡೆ. ನೀರಕ್ಕ ಸರಸರನೆ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು, "ನಾನು ಹೇಳಿದೆ ಅನ್ನಬೇಡಿ ಸರ್. ನೀರು ಕಾಯಿಸೋಳ ಮಾತಿಗೆ ಯಾರೂ ಒಲೆ ಬಿಚ್ಚಲ್ಲ. ನಿಮ್ಮ ನಾಲಿಗೆ ಅಂತಲೇ ಹೇಳಿ."

ಪಟ್ಟಿ ಓದಿದೆ. ಹನ್ನೊಂದಕ್ಕೆ ಬಂದೆ. "ಮೇಲಿನ ಕಾರ್ಖಾನೆ. ಹೊಗೆ ಇದೆ, ಕೊಳ್ಳೋದು ಬೇಡ. ಆದ್ರೆ ಇದು ಕೆಲಸದವರ ತಪ್ಪಲ್ಲ. ಒಲೆ ತಗಡು ಬಿರುಕು ಬಿಟ್ಟಿದೆ. ಬಿಚ್ಚಿ ನೋಡೋಕೆ ಹೇಳಿ. ಈಗಲೇ ಹೇಳಿ, ಎರಡು ಗಂಟೆ ಒಳಗೆ."

ಆ ಕಡೆ ಮ್ಯಾನೇಜರ್ ನಕ್ಕರು. "ಏನ್ರೀ, ಇಲ್ಲಿ ಕೂತು ಬಟ್ಟಲಲ್ಲಿ ಅಲ್ಲಿನ ತಗಡು ಕಾಣುತ್ತಾ ನಿಮಗೆ? ಒಲೆ ಆರಿಸಿದ್ರೆ ಎರಡು ದಿನ ಕೆಲಸ ನಿಲ್ಲುತ್ತೆ. ಅಲ್ಲಿ ಏನೂ ಸಿಗದಿದ್ರೆ ಅವರು ನನ್ನ ಜೀವ ತಿಂತಾರೆ."

"ಸಿಗದಿದ್ರೆ ನನ್ನ ಚಮಚ ತಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ."

ಐವತ್ತು ವರ್ಷದ ಹಿಂದಿನ ಒಂದು ಲೋಟದ ನೆನಪಿನ ಮೇಲೆ ನನ್ನ ಹೆಸರನ್ನೇ ಇಟ್ಟಿದ್ದೆ. ಫೋನ್ ಇಟ್ಟು ತಿರುಗಿದರೆ ಕನ್ನಡಕ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ.

"ಸರ್, ಬೆಳಿಗ್ಗೆಯಿಂದ ನಾನು ಇದನ್ನ ಹಾಕ್ಕೊಂಡೇ ಇರಲಿಲ್ಲ" ಎಂದ. "ಇಲ್ಲಿ ಏನು ನಡೀತೋ ನನಗೊಂದೂ ಕಾಣಲಿಲ್ಲ."

ತಂಗಿಗೆ ಚೀಟಿ ಕೊಡುವುದನ್ನು ಒಲೆ ಬಿಚ್ಚುವವರೆಗೆ ತಡೆದಿದ್ದಾರೆ ಎಂದು ಎರಡೂವರೆಗೆ ಗೊತ್ತಾಯಿತು. ಒಲೆ ಆರಿ ಬಿಚ್ಚುವಂತಾಗಲು ಎರಡು ದಿನ. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ ಹೆದರಿ, ನಾನು ಬಿಟ್ಟಿದ್ದ ಈರುಳ್ಳಿಯನ್ನೆಲ್ಲ ಹಾಕಿ ರುಚಿಯಾಗಿ ಅಡುಗೆ ಮಾಡಿ ಬಡಿಸಿದಳು. ನನಗೆ ಈರುಳ್ಳಿ ಇದ್ದದ್ದೂ ತಿಳಿಯಲಿಲ್ಲ. ಕೋಣೆಯಲ್ಲಿ ನೀರಕ್ಕ ತುಟಿ ಪಿಟಕ್ಕೆನ್ನದೆ ನೀರು ಕಾಯಿಸಿದಳು. ತಕ್ಕಡಿಯನ್ನು ಮಾತ್ರ ಒರೆಸಿ ತಂದು ನನ್ನ ಮುಂದೆ ಇಟ್ಟಳು.

"ಇನ್ಮೇಲೆ ತೂಕ ನೀವೇ ಹಾಕ್ಕೊಳ್ಳಿ ಸರ್. ನನ್ನ ಕೈ ಮೇಲೆ ನನಗೆ ನಂಬಿಕೆ ಹೋಯ್ತು."

ಬೇಡ ಎಂದೆ. ಕೇಳಲಿಲ್ಲ. ಆ ದಿನದಿಂದ ನಿವೃತ್ತಿಯವರೆಗೆ ಅವಳು ತಕ್ಕಡಿ ಮುಟ್ಟಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಮ್ಯಾನೇಜರ್ ಕೂಗುತ್ತಿದ್ದರು. "ಸಿಕ್ತು ಮಾರಾಯ್ರೇ! ಎಡಗಡೆ ಬೆಸುಗೆ ಹಿಂದೆ, ಒಂದು ಗೇಣು ಬಿರುಕು! ನಿಮ್ಮದು ನಾಲಿಗೆನಾ ಅಥವಾ ಇನ್ನೇನ್ರೀ ಅದು?" ನಾನು ನೀರಕ್ಕನ ಕಡೆ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೆಟಲಿಗೆ "ಏಳಪ್ಪಾ, ಹೊತ್ತಾಯ್ತು" ಎಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ.

ವಾರದ ನಂತರ ಅವಳ ತಂಗಿ ನಮ್ಮ ಕೋಣೆಗೆ ಬಂದಳು. ಅಕ್ಕನಷ್ಟೇ ಸಣಕಲು, ಕೂದಲಲ್ಲಿ ಅದೇ ಬಿಸಿ ಎಲೆಯ ವಾಸನೆ. ಹೊಸ ತಗಡು ಹಾಕಿದ ಮೇಲೆ ಒಣಗಿಸಿದ ಚಹಾ ಒಂದು ಪೊಟ್ಟಣ ತಂದಿದ್ದಳು. ನನ್ನ ಮುಂದೆ ಕೈಮುಗಿದು ನಿಂತಳು.

"ನಮ್ಮಮ್ಮನಿಗೆ ನಿಮ್ಮಂಥ ಒಬ್ರು ಸಿಕ್ಕಿದ್ರೆ, ಒಲೆದೇ ತಪ್ಪು ಅಂತ ಗೊತ್ತಾದ್ಮೇಲೂ ಅವಳು ಸಾಯೋವರೆಗೂ ಕಸ ಗುಡಿಸ್ತಿರಲಿಲ್ಲ ಸರ್" ಎಂದಳು. ಆಮೇಲೆ ಬಟ್ಟಲು ತೊಳೆಯುತ್ತಿದ್ದ ಅಕ್ಕನ ಕಡೆ ತಿರುಗಿದಳು. "ನೋಡಕ್ಕಾ, ನೀನು ಇಷ್ಟು ವರ್ಷದಿಂದ ಇಲ್ಲೇ ಇದ್ದೀಯ. ಫೋನ್ ಮಾಡಿ ಅತ್ರೆ, ನಾನೇನು ಮಾಡ್ಲಿ ಅಂದೆ. ಗುರುತು ಪರಿಚಯ ಇಲ್ಲದವರು ನನ್ನ ಕಾಪಾಡಿದ್ರು."

ನೀರಕ್ಕ ತಲೆ ಎತ್ತಲಿಲ್ಲ. "ಹೌದು ಕಣೇ. ಸರ್‌ದು ದೊಡ್ಡ ನಾಲಿಗೆ" ಎಂದಳು. ನಲ್ಲಿ ಇನ್ನಷ್ಟು ಜೋರಾಗಿ ಬಿಟ್ಟಳು.

ನಾನು ಬಾಯಿ ತೆರೆಯಬೇಕಿತ್ತು. ತೆರೆದರೆ ತೂಕದ ಕಥೆ ಹೊರಬರುತ್ತದೆ, ಅವಳ ಕೆಲಸ ಹೋಗುತ್ತದೆ ಎಂದು ಒಳಗೆ ಒಂದು ನೆಪ ಸಿದ್ಧವಾಗಿತ್ತು. ನೆಪ ಸುಳ್ಳೇನೂ ಅಲ್ಲ. ಆದರೆ ಅಷ್ಟೇ ಅಲ್ಲ. ಹೊಗಳಿಕೆ ಹಿತವಾಗಿತ್ತು. ಬಟ್ಟಲಲ್ಲಿ ಬಿರುಕು ಕಂಡವನು ಎಂದು ಮಾರುಕಟ್ಟೆಯೆಲ್ಲ ಹೆಸರಾಯಿತು. ಎರಡು ಕಂಪನಿಯವರು ಕರೆದರು. ನಮ್ಮವರು ಶಾಲು ಹೊದಿಸಿದರು. ಆ ದಿನ ಎಲ್ಲರಿಗೂ ಚಹಾ ಮಾಡಿ ಕೊಟ್ಟವಳು ನೀರಕ್ಕ. ಅನುಮಾನ ಬಂದ ಬಟ್ಟಲನ್ನು ಮಾತಿಲ್ಲದೆ ಅವಳ ಕಡೆ ಸರಿಸುವುದು ಆಮೇಲೆ ರೂಢಿಯಾಯಿತು. ಅವಳು ಒಂದು ಗುಟುಕು ನುಂಗಿ "ಮೂಗು" ಅಥವಾ "ಗಂಟಲು" ಎನ್ನುತ್ತಿದ್ದಳು. ನಾನು ಅದನ್ನೇ ದೊಡ್ಡ ದನಿಯಲ್ಲಿ ಕೂಗುತ್ತಿದ್ದೆ. ಹೀಗೆ ಆರು ವರ್ಷ.

ಮೊನ್ನೆ ಭಾನುವಾರ ಅವಳ ಮನೆಗೆ ಹೋದೆ. ಎರಡು ಕೋಣೆಯ ಮನೆ, ಕಿಟಕಿಯ ಬಳಿ ಒಂದು ಕುರ್ಚಿ. ಅದೃಷ್ಟವೋ ಏನೋ, ತಂಗಿಯೂ ಬಂದಿದ್ದಳು. ನನ್ನನ್ನು ಕಂಡದ್ದೇ ಸಡಗರದಿಂದ ಒಳಗೆ ಓಡಿ, ಒಳ್ಳೆಯ ಬಟ್ಟಲು ಹುಡುಕಿ, ಹಾಲಿಲ್ಲದ ಚಹಾ ತಂದು ಕೈಗೆ ಕೊಟ್ಟಳು. ಪಾತ್ರೆಯಲ್ಲಿ ಉಳಿದದ್ದನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿ ಅಕ್ಕನ ಮುಂದೆ ಕುಕ್ಕಿದಳು.

ಬಟ್ಟಲು ಖಾಲಿ ಮಾಡಿ ಕೆಳಗಿಟ್ಟೆ. ಹೇಳಿದೆ. ಚಿಟಿಕೆಯಿಂದ ಹಿಡಿದು ಶಾಲಿನವರೆಗೆ ಎಲ್ಲ.

"ಯಾಕೆ ಸರ್ ಈಗ ಅದೆಲ್ಲ?" ಎಂದು ನೀರಕ್ಕ ನನ್ನ ಮೇಲೆ ಸಿಡುಕಿದಳು. "ಮುಗಿದುಹೋಗಿತ್ತು."

ತಂಗಿ ಅಕ್ಕನನ್ನೇ ನೋಡಿದಳು. ಆಮೇಲೆ ಎದ್ದು, ಅಕ್ಕನ ಮುಂದಿದ್ದ ಲೋಟ ಎತ್ತಿ ತೊಟ್ಟಿಗೆ ಚೆಲ್ಲಿದಳು. ಪಾತ್ರೆ ತೊಳೆದು ಹೊಸ ನೀರಿಟ್ಟಳು. ನೀರು ಎದ್ದ ಕೂಡಲೇ ಇಳಿಸಿದಳು. ಒಂದು ಚಮಚ ಎಲೆ ಹಾಕಿದಳು. ಡಬ್ಬಿ ಮುಚ್ಚಲು ಹೋದವಳು ತಡೆದು, ಮೂರು ಬೆರಳಲ್ಲಿ ಇನ್ನೊಂದು ಚಿಟಿಕೆ ಎತ್ತಿ ಹಾಕಿದಳು.

ಕಿಟಕಿಯ ಬಳಿಯಿಂದಲೇ ನೀರಕ್ಕ ಹೇಳಿದಳು, "ಜಾಸ್ತಿ ಆಯ್ತು ಕಣೇ."

"ಗೊತ್ತು. ಸುಮ್ನೆ ಕುಡಿ."

ನೀರಕ್ಕ ಎರಡೂ ಕೈಯಲ್ಲಿ ಲೋಟ ಹಿಡಿದು ಕೊನೆಯ ಹನಿಯವರೆಗೂ ಕುಡಿದಳು. ತಂಗಿ ಎದುರಿಗೆ ನೆಲದ ಮೇಲೆ ಕೂತು ನೋಡುತ್ತಿದ್ದಳು. ನನ್ನ ಖಾಲಿ ಬಟ್ಟಲು ಅಲ್ಲೇ ಇತ್ತು. ಇನ್ನಷ್ಟು ಬೇಕೇ ಎಂದು ಯಾರೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಬಂದೆ.